ಜಿಲ್ಲೆಯ ಹುಟ್ಟುಹಬ್ಬಕ್ಕೆ ಮುಚ್ಚಿದ ಬಾಗಿಲುಗಳು: ಮಲಾಂಗ್ ಪ್ರಕರಣ

ಲೈಂಗಿಕ ವೃತ್ತಿಯನ್ನು ಅಪರಾಧ ಅನ್ನಬೇಕೋ ಬೇಡವೋ ಅಂತ ಚರ್ಚೆ ಶುರುವಾದರೆ ಎರಡೂ ಕಡೆಯವರಿಗೆ ವಾದಕ್ಕೇನೂ ಬರ ಇರುವುದಿಲ್ಲ. ಬರ ಇರುವುದು ಪುರಾವೆಗೆ. ಕಾನೂನು ಬಂದ ಮೇಲೆ ಹಿಂದಕ್ಕೆ ಹೋಗಿ ಅಳೆಯುವುದಕ್ಕಾಗುವುದಿಲ್ಲ. ಬರುವ ಮುನ್ನವೇ ಅಳೆದಿಟ್ಟಿರಬೇಕು. ಕಾನೂನು ಬದಲಾಗದ ಪಕ್ಕದ ಊರಿನಲ್ಲೂ ಅದೇ ಹೊತ್ತಿಗೆ ಅಳೆದಿರಬೇಕು. ಜೊತೆಗೆ, ಬದಲಾವಣೆ ಬರುತ್ತದೆ ಅಂತ ಯಾರಿಗೂ ಮೊದಲೇ ಸುಳಿವು ಸಿಕ್ಕಿರಬಾರದು. ಸಿಕ್ಕರೆ ಜನ ಆಗಲೇ ಜಾಗ ಖಾಲಿ ಮಾಡಿರುತ್ತಾರೆ, ಅಳತೆ ಕೆಟ್ಟುಹೋಗುತ್ತದೆ. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವುದು ತೀರಾ ಅಪರೂಪ. ಇಂಡೋನೇಷ್ಯಾದ ಪೂರ್ವ ಜಾವಾ ಪ್ರಾಂತ್ಯದ ಮಲಾಂಗ್ ಜಿಲ್ಲೆಯಲ್ಲಿ 2014ರಲ್ಲಿ, ಅಲ್ಲಿನ ಆಡಳಿತ ಲೈಂಗಿಕ ವೃತ್ತಿಯ ಅಧಿಕೃತ ಜಾಗಗಳನ್ನು ಮುಚ್ಚಿದಾಗ, ಅದು ಕೂಡಿಬಂತು. ಯಾರೂ ಹಾಗಂತ ಯೋಜನೆ ಹಾಕಿರಲಿಲ್ಲ.

ಮುಚ್ಚುವ ಮುನ್ನ ಏನಿತ್ತು

ಆಗ ಇಂಡೋನೇಷ್ಯಾದಲ್ಲಿ ಜಾರಿಯಲ್ಲಿದ್ದ ದಂಡ ಸಂಹಿತೆ ಡಚ್ಚರ ಕಾಲದ್ದು. ಹಣಕ್ಕೆ ಲೈಂಗಿಕ ಸಂಪರ್ಕ ಮಾಡುವ ಹೆಂಗಸನ್ನು ನೇರವಾಗಿ ಅಪರಾಧಿ ಅನ್ನುವ ಕಲಂ ಅದರಲ್ಲಿ ಇರಲಿಲ್ಲ. 296ನೇ ಕಲಂ ಇಂಥ ವ್ಯವಹಾರಕ್ಕೆ ಅನುಕೂಲ ಮಾಡಿಕೊಡುವುದನ್ನೇ ಕಸುಬಾಗಿಸಿಕೊಂಡವರನ್ನು ಹಿಡಿಯುತ್ತಿತ್ತು. 506ನೇ ಕಲಂ ಹೆಂಗಸಿನ ಗಳಿಕೆಯಲ್ಲಿ ಹೊಟ್ಟೆ ಹೊರೆಯುವ ದಲ್ಲಾಳಿಯನ್ನು ಹಿಡಿಯುತ್ತಿತ್ತು. ಮಿಕ್ಕದ್ದೆಲ್ಲ ಸ್ಥಳೀಯ ಆಡಳಿತದ ಮರ್ಜಿ. ಒಂದು ಜಿಲ್ಲೆ ಕಂಡೂ ಕಾಣದಂತೆ ಇರಬಹುದಿತ್ತು. ಇನ್ನೊಂದು ತನ್ನದೇ ನಿಯಮ ತಂದು ನಿಷೇಧಿಸಬಹುದಿತ್ತು.

ಈ ಸಂದಿನಲ್ಲಿ ಬೆಳೆದದ್ದು ಲೋಕಲಿಸಾಸಿ ಅನ್ನುವ ಏರ್ಪಾಡು. ಊರಿನ ಒಂದು ಕಡೆ, ಗೊತ್ತುಮಾಡಿದ ಕೆಲವು ಬೀದಿಗಳಲ್ಲಿ ಲೈಂಗಿಕ ವೃತ್ತಿಯ ಮನೆಗಳು. ಯಾವ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಆಡಳಿತಕ್ಕೂ ಗೊತ್ತು, ಪೊಲೀಸರಿಗೂ ಗೊತ್ತು, ಆರೋಗ್ಯ ಇಲಾಖೆಗೂ ಗೊತ್ತು. ಜಕಾರ್ತಾದ ಕ್ರಮಾತ್ ತುಂಗಾಕ್ 1970ರ ದಶಕದಲ್ಲಿ ಹೀಗೆ ಸರ್ಕಾರದ ಕಣ್ಣೆದುರಿಗೇ ಬೆಳೆಯಿತು. 1999ರಲ್ಲಿ ಅದನ್ನು ಮುಚ್ಚಿದರು. ಆ ಜಾಗದಲ್ಲಿ ಈಗ ಇಸ್ಲಾಮಿಕ್ ಸೆಂಟರ್ ಇದೆ. ಸುರಬಾಯಾ ನಗರದ ಡಾಲಿ ಓಣಿಯಂತೂ ಆಗ್ನೇಯ ಏಷ್ಯಾದ ಅತಿ ದೊಡ್ಡ ಕೆಂಪುದೀಪದ ಬೀದಿಗಳಲ್ಲಿ ಒಂದು ಅಂತ ಹೆಸರಾಗಿತ್ತು.

ಲೋಕಲಿಸಾಸಿಯನ್ನು ಹೊಗಳುವುದಕ್ಕೆ ನಾನು ಹೊರಟಿಲ್ಲ. ಸಾಲ, ಮನೆ ನಡೆಸುವವರ ಪಾಲು, ಅಧಿಕಾರಿಗಳ ಮಾಮೂಲಿ ಇಂಥ ಜಾಗಗಳಿಗೆ ಹೊಸದಲ್ಲ. ಆದರೆ ಅಲ್ಲಿನ ಹೆಂಗಸರಿಗೆ ಒಂದು ವಿಳಾಸ ಇತ್ತು. ಆರೋಗ್ಯ ಕಾರ್ಯಕರ್ತೆ ಕಾಂಡೋಮ್ ಚೀಲ ಹಿಡಿದು ಯಾವ ಬಾಗಿಲು ತಟ್ಟಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ರಕ್ತ ಪರೀಕ್ಷೆಗೆ ಬಾರದವಳನ್ನು ಮಾರನೇ ವಾರ ಹುಡುಕಿಕೊಂಡು ಬರಬಹುದಿತ್ತು. ಗಿರಾಕಿ ಕೈ ಮಾಡಿದರೆ ಪಕ್ಕದ ಕೋಣೆಗೆ ಕೂಗು ಕೇಳಿಸುತ್ತಿತ್ತು. ಕಾನೂನಿನ ಪುಸ್ತಕದಲ್ಲಿ ಎಲ್ಲೂ ಬರೆಯದ ಈ ಅನುಕೂಲಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅವು ಹೋಗುವ ತನಕ.

2014ರ ಜೂನ್ 18ರಂದು ಸುರಬಾಯಾದ ಮೇಯರ್ ತ್ರಿ ರಿಸ್ಮಹರಿನಿ ಅವರ ಆಡಳಿತ ಡಾಲಿಯನ್ನು ಮುಚ್ಚಿರುವುದಾಗಿ ಘೋಷಿಸಿತು. ಅಲ್ಲಿನ ಹೆಂಗಸರಿಗೆ ತಲಾ 50.5 ಲಕ್ಷ ರುಪಿಯಾ ಪರಿಹಾರ ಗೊತ್ತಾಯಿತು. ಕೇಳುವುದಕ್ಕೆ ಭಾರಿ ಮೊತ್ತ. ಆದರೆ ಸುರಬಾಯಾದಲ್ಲಿ ಆ ವರ್ಷ ಕನಿಷ್ಠ ವೇತನ ತಿಂಗಳಿಗೆ 22 ಲಕ್ಷ ರುಪಿಯಾ. ಅಂದರೆ ಕೈಗೆ ಬಂದದ್ದು ಎರಡು ತಿಂಗಳ ಕನಿಷ್ಠ ಸಂಬಳಕ್ಕಿಂತ ಚೂರು ಜಾಸ್ತಿ. ಹೊಸ ಬದುಕು ಕಟ್ಟಿಕೊಳ್ಳಿ ಅಂತ ಕೊಟ್ಟದ್ದು ಅಷ್ಟು.

ಮಲಾಂಗ್ ಜಿಲ್ಲೆ ಇರುವುದು ಸುರಬಾಯಾದ ದಕ್ಷಿಣಕ್ಕೆ. ಮೂರು ವಾರ ಕಳೆದು ಜುಲೈ 11ರಂದು ಅಲ್ಲಿನ ಆಡಳಿತವೂ ಒಂದು ಘೋಷಣೆ ಮಾಡಿತು. ಜಿಲ್ಲೆಯಲ್ಲಿ ಇರುವ ಇಂಥ ಅಧಿಕೃತ ಜಾಗಗಳನ್ನೆಲ್ಲ ನವೆಂಬರ್ 28ರಿಂದ ಮುಚ್ಚಿ ಈ ವೃತ್ತಿಯನ್ನು ನಿಷೇಧಿಸಲಾಗುವುದು. ಆ ದಿನವೇ ಯಾಕೆ ಅಂದರೆ ಅದು ಜಿಲ್ಲೆಯ ಹುಟ್ಟುಹಬ್ಬ. ದಿನೋಯೋ ಶಾಸನದಲ್ಲಿ ಸಿಗುವ ಕ್ರಿ.ಶ. 760ರ ನವೆಂಬರ್ 28ನ್ನು ಮಲಾಂಗ್ ತನ್ನ ಜನ್ಮದಿನ ಅಂತ ಆಚರಿಸುತ್ತದೆ. ಈ ಮುಚ್ಚುವಿಕೆಯನ್ನು ಜಿಲ್ಲೆಗೆ ಹುಟ್ಟುಹಬ್ಬದ ಉಡುಗೊರೆ ಅಂತಲೇ ಕರೆದರು. ಗಡಿ ಹಂಚಿಕೊಂಡ ಪಸುರುವಾನ್ ಜಿಲ್ಲೆ, ಬಾತು ನಗರ ಎರಡೂ ಸುಮ್ಮನಿದ್ದವು. ಬಾತು 2001ರವರೆಗೆ ಮಲಾಂಗ್ ಜಿಲ್ಲೆಯದೇ ಭಾಗವಾಗಿದ್ದ ಊರು. ಜನ, ಭಾಷೆ, ರೂಢಿ ಎಲ್ಲ ಹೆಚ್ಚುಕಡಿಮೆ ಒಂದೇ. ನಿಯಮ ಮಾತ್ರ ಗಡಿ ದಾಟಲಿಲ್ಲ.

ಉಳಿತಾಯದ ಸಮೀಕ್ಷೆಗೆ ಬಂದವರು

ಲೀಸಾ ಕ್ಯಾಮರಾನ್, ಜೆನಿಫರ್ ಸೀಗರ್, ಮನೀಷಾ ಶಾ ಎಂಬ ಮೂವರು ಅರ್ಥಶಾಸ್ತ್ರಜ್ಞೆಯರು ಈ ಮೂರೂ ಕಡೆ ಬೇರೆಯದೇ ಕೆಲಸಕ್ಕೆ ಬಂದಿದ್ದರು. ಲೈಂಗಿಕ ವೃತ್ತಿಯ ಹೆಂಗಸರಿಗೆ ಸಣ್ಣ ಉಳಿತಾಯದ ಯೋಜನೆ ಕೊಟ್ಟರೆ ಅವರ ಬದುಕು ಎಷ್ಟು ಸುಧಾರಿಸುತ್ತದೆ ಅಂತ ನೋಡುವುದು ಅವರ ಉದ್ದೇಶ. ಅದಕ್ಕಾಗಿ 2014ರ ಫೆಬ್ರವರಿ, ಮಾರ್ಚ್‌ನಲ್ಲಿ ಹೆಂಗಸರನ್ನೂ ಗಿರಾಕಿಗಳನ್ನೂ ಮಾತಾಡಿಸಿ ವಿವರ ಬರೆದಿಟ್ಟುಕೊಂಡರು. ಲೈಂಗಿಕ ಸೋಂಕಿನ ಪರೀಕ್ಷೆಯನ್ನೂ ಮಾಡಿಸಿದ್ದರು. ಅಷ್ಟರಲ್ಲಿ ಜುಲೈ ಘೋಷಣೆ ಬಂತು. ಉಳಿತಾಯದ ಅಧ್ಯಯನ ಹಳ್ಳ ಹಿಡಿಯಿತು. ಆದರೆ ಕೈಯಲ್ಲಿ ಇನ್ನೊಂದು ಅಧ್ಯಯನದ ಅರ್ಧ ಭಾಗ ತಯಾರಾಗಿಯೇ ಇತ್ತು. 2015ರ ಮಧ್ಯದಲ್ಲಿ, ಬಾಗಿಲು ಮುಚ್ಚಿ ಸುಮಾರು ಆರು ತಿಂಗಳಾದ ಮೇಲೆ, ಮತ್ತೆ ಹೋಗಿ ಅಳೆದರು. ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು.

ಲೆಕ್ಕದ ವಿಧಾನ ಕಷ್ಟದ್ದೇನಲ್ಲ. ಮಲಾಂಗ್‌ನಲ್ಲಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ವ್ಯತ್ಯಾಸ ನೋಡುವುದು. ಪಸುರುವಾನ್, ಬಾತುವಿನಲ್ಲೂ ಅದನ್ನೇ ನೋಡುವುದು. ಮೊದಲ ವ್ಯತ್ಯಾಸದಿಂದ ಎರಡನೆಯದನ್ನು ಕಳೆಯುವುದು. ಮಳೆಗಾಲ, ಬೆಲೆಯೇರಿಕೆ, ಹಬ್ಬದ ತಿಂಗಳು, ಇವೆಲ್ಲ ಮೂರೂ ಕಡೆಗೂ ಒಂದೇ ಆದ್ದರಿಂದ ಕಳೆದಾಗ ಉದುರಿಹೋಗುತ್ತವೆ. ಉಳಿಯುವುದು ಮುಚ್ಚಿದ್ದರಿಂದ ಆದ ಪರಿಣಾಮ.

ಸೋಂಕನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳದೆ ಪರೀಕ್ಷೆ ಮಾಡಿಸಿದ್ದು ಇಲ್ಲಿ ಬಹಳ ಮುಖ್ಯ. ಗೊನೊರಿಯಾ, ಕ್ಲಾಮಿಡಿಯಾದಂಥ ಸೋಂಕುಗಳು ಹೆಂಗಸರಲ್ಲಿ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ನೋವಿಲ್ಲ, ಉರಿಯಿಲ್ಲ. ಕೇಳಿದರೆ ‘ನನಗೇನೂ ಇಲ್ಲ’ ಅಂತಲೇ ಉತ್ತರ, ಅದರಲ್ಲಿ ಸುಳ್ಳೂ ಇರುವುದಿಲ್ಲ. ಚಿಕಿತ್ಸೆ ಸಿಗದೆ ವರ್ಷಗಟ್ಟಲೆ ಹಾಗೇ ಉಳಿದರೆ ಸೋಂಕು ಗರ್ಭನಾಳಕ್ಕೆ ಏರಿ ಬಂಜೆತನ ತರಬಹುದು. ಎಚ್‌ಐವಿ ತಗಲುವುದನ್ನೂ ಸುಲಭ ಮಾಡುತ್ತದೆ.

ಮೊದಲು ಹೋದದ್ದು ಕಾಂಡೋಮ್

ಮಲಾಂಗ್‌ನ ಹೆಂಗಸರಲ್ಲಿ ಲೈಂಗಿಕ ಸೋಂಕು 58% ಏರಿತ್ತು. ನೂರರಲ್ಲಿ ಐವತ್ತೆಂಟು ಜನಕ್ಕೆ ಬಂತು ಅಂತ ಇದನ್ನು ಓದಬಾರದು. ಮುಚ್ಚದೆ ಇದ್ದಿದ್ದರೆ ಎಷ್ಟು ಜನಕ್ಕೆ ಇರುತ್ತಿತ್ತೋ ಅದಕ್ಕಿಂತ ಅರ್ಧಕ್ಕೂ ಹೆಚ್ಚು ಪಾಲು ಜಾಸ್ತಿಯಾಯಿತು ಅಂತ ಅರ್ಥ. ಇಷ್ಟು ಏರಿಕೆ, ಬರೀ ಆರು ತಿಂಗಳಲ್ಲಿ.

ಕಾರಣ ಹುಡುಕುವುದಕ್ಕೆ ದೂರ ಹೋಗಬೇಕಾಗಿರಲಿಲ್ಲ. ಕಾಂಡೋಮ್ ಸಿಗುವುದು ಕಷ್ಟವಾಯಿತು, ಅದರ ಬೆಲೆ ಏರಿತು, ಬಳಕೆ ಇಳಿಯಿತು. ಮೊದಲು ಆರೋಗ್ಯ ಇಲಾಖೆ ಮತ್ತು ಸಮುದಾಯ ಸಂಸ್ಥೆಗಳ ಮೂಲಕ ಕಾಂಡೋಮ್ ಆ ಬೀದಿಗಳಿಗೇ ಬರುತ್ತಿತ್ತು. ಬೀದಿಯೇ ಅಧಿಕೃತವಾಗಿ ಇಲ್ಲ ಅಂದಮೇಲೆ ಯಾರಿಗೆ ಅಂತ ಕೊಡುವುದು? ‘ಇಲ್ಲಿ ಅಂಥ ಕೆಲಸ ನಡೆಯುವುದಿಲ್ಲ’ ಅಂತ ಒಂದು ಇಲಾಖೆ ಬರೆದುಕೊಟ್ಟ ಜಾಗಕ್ಕೆ ಇನ್ನೊಂದು ಇಲಾಖೆ ಪೆಟ್ಟಿಗೆಗಟ್ಟಲೆ ಕಾಂಡೋಮ್ ಕಳಿಸುವುದು ಹೇಗೆ? ಇದು ಯಾರದೋ ಕೆಟ್ಟತನದಿಂದ ಆದದ್ದಲ್ಲ. ಕಡತದ ತರ್ಕವೇ ಹಾಗೆ ನಡೆಸುತ್ತದೆ.

ಆದರೆ ಕಾಂಡೋಮ್ ಕೈಯಲ್ಲಿ ಇದ್ದರೂ ಸಾಲದು. ಅದನ್ನು ಬಳಸುವಂತೆ ಗಿರಾಕಿಯನ್ನು ಒಪ್ಪಿಸಬೇಕು. ಈ ಚೌಕಾಸಿಗೆ ಸಮಯ ಬೇಕು. ಕೋಣೆಯಲ್ಲಿ ಕೂತ ಹೆಂಗಸಿಗೆ ಆ ಸಮಯ ಇರುತ್ತದೆ. ಬಂದವನ ಮುಖ ನೋಡಬಹುದು. ಕುಡಿದಿದ್ದಾನಾ, ಒರಟನಾ ಅಂತ ಅಂದಾಜು ಮಾಡಬಹುದು. ‘ಹಾಕಿಕೊಳ್ಳಲ್ಲ ಅಂದರೆ ಬೇಡ, ಪಕ್ಕದ ಮನೆಯಲ್ಲೂ ಇದನ್ನೇ ಹೇಳುತ್ತಾರೆ’ ಅನ್ನಬಹುದು. ಎಲ್ಲರೂ ಒಂದೇ ಮಾತು ಹೇಳುವ ಬೀದಿಯಲ್ಲಿ ಗಿರಾಕಿಯೂ ಹೆಚ್ಚು ಕೊಸರಾಡುವುದಿಲ್ಲ. ಇನ್ನು ರಸ್ತೆ ಬದಿಯಲ್ಲಿ ನಿಂತವಳನ್ನು ನೋಡಿ. ಇಂಡೋನೇಷ್ಯಾದಲ್ಲಿ ಸತ್‌ಪೋಲ್ ಪಿಪಿ ಅಂತ ಸ್ಥಳೀಯ ಆಡಳಿತದ ಕಾವಲು ಪಡೆ ಇದೆ, ಇಂಥ ದಾಳಿಗಳು ಅದರ ಕೆಲಸ. ಅದರ ಗಾಡಿ ಯಾವ ತಿರುವಿನಲ್ಲಿ ಬರುತ್ತದೋ ಗೊತ್ತಿಲ್ಲ. ಮಾತು ಎರಡೇ ನಿಮಿಷದಲ್ಲಿ ಮುಗಿಯಬೇಕು. ಅಷ್ಟರಲ್ಲಿ ದರ ಹೇಳಬೇಕು, ಜಾಗ ಗೊತ್ತು ಮಾಡಬೇಕು, ಬೈಕು ಹತ್ತಬೇಕು. ಕಾಂಡೋಮಿನ ಮಾತು ಆ ಎರಡು ನಿಮಿಷದಲ್ಲಿ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಬಂದರೂ, ಅವನು ಬೇಡ ಅಂದರೆ ಬಿಟ್ಟು ಇನ್ನೊಬ್ಬನಿಗೆ ಕಾಯುವುದು ಅಂದರೆ ಮತ್ತೆ ಅದೇ ರಸ್ತೆಯಲ್ಲಿ ನಿಲ್ಲುವುದು. ಕಾನೂನು ಇವಳ ಕೈಯಿಂದ ಕಿತ್ತುಕೊಂಡದ್ದು ಆ ಕಾಯುವ ಶಕ್ತಿಯನ್ನು ಅಂತ ನನಗೆ ಅನಿಸುತ್ತದೆ. ಗಿರಾಕಿಗಳ ಉತ್ತರಗಳೂ ಇದೇ ದಿಕ್ಕು ತೋರಿಸಿದವು, ಕಾಂಡೋಮ್ ಇಲ್ಲದ ಸಂಪರ್ಕ ಜಾಸ್ತಿಯಾಗಿತ್ತು.

ಬೇರೆ ಕಡೆ ಇದು ಇನ್ನೂ ವಿಪರೀತಕ್ಕೆ ಹೋದದ್ದಿದೆ. ಅಮೆರಿಕದ ನ್ಯೂಯಾರ್ಕ್, ವಾಷಿಂಗ್ಟನ್, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಪೊಲೀಸರು ಹೆಂಗಸರ ಚೀಲದಲ್ಲಿ ಸಿಕ್ಕ ಕಾಂಡೋಮನ್ನೇ ಅಪರಾಧದ ಸಾಕ್ಷಿ ಮಾಡುತ್ತಿದ್ದರು ಅಂತ ಹ್ಯೂಮನ್ ರೈಟ್ಸ್ ವಾಚ್ ಅನ್ನುವ ಮಾನವ ಹಕ್ಕುಗಳ ಸಂಸ್ಥೆ 2012ರಲ್ಲಿ ದಾಖಲಿಸಿತು. ಅದೇ ಊರುಗಳಲ್ಲಿ ಆರೋಗ್ಯ ಇಲಾಖೆ ಪುಕ್ಕಟೆ ಕಾಂಡೋಮ್ ಹಂಚುತ್ತಿತ್ತು. ಒಂದು ಕೈ ಕೊಟ್ಟದ್ದಕ್ಕೆ ಇನ್ನೊಂದು ಕೈ ಕೇಸು ಹಾಕಿದರೆ ಹೆಂಗಸು ಮಾಡುವುದೇನು? ಕಾಂಡೋಮ್ ಇಟ್ಟುಕೊಳ್ಳುವುದನ್ನೇ ಬಿಡುತ್ತಾಳೆ, ಅಲ್ವಾ?

ಕೆಲಸ ಬಿಟ್ಟವರು ಎಲ್ಲಿಗೆ ಹೋದರು

ಮುಚ್ಚಿದವರ ಮನಸ್ಸಿನಲ್ಲಿದ್ದ ಚಿತ್ರ ಬೇರೆ ಇರಬೇಕು. ಹೆಂಗಸರು ಊರಿಗೆ ಹೋಗುತ್ತಾರೆ, ಗೌರವದ ಕೆಲಸ ಹಿಡಿಯುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತವೆ. ಕೆಲವರು ನಿಜವಾಗಿಯೂ ಈ ವೃತ್ತಿ ಬಿಟ್ಟರು. ಸಂಶೋಧಕರು ಅವರನ್ನೂ ಹುಡುಕಿ ಮಾತಾಡಿಸಿದರು. ಇಡೀ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಈ ಭಾಗ.

ಮುಚ್ಚಿದ್ದರಿಂದ ಕೆಲಸ ಬಿಟ್ಟ ಹೆಂಗಸರ ಗಳಿಕೆ ಇಳಿಯಿತು. ಇದು ಊಹಿಸಬಹುದಾದದ್ದೇ. ಆದರೆ ಇಳಿದ ಗಳಿಕೆ ಎಲ್ಲಿ ತಟ್ಟಿತು ಅನ್ನುವುದನ್ನು ಊಹಿಸುವವರು ಕಡಿಮೆ. ಮಕ್ಕಳ ಶಾಲೆಯ ಖರ್ಚು ಹೊಂದಿಸುವುದು ಅವರಿಗೆ ಆಗಲಿಲ್ಲ. ಮನೆಗೆ ನಾಲ್ಕು ಕಾಸು ತರುವುದಕ್ಕೆ ಮಕ್ಕಳೇ ದುಡಿಯಲು ಶುರು ಮಾಡುವ ಸಾಧ್ಯತೆ ಹೆಚ್ಚಿತು. ತಾಯಿಯ ಹೆಸರು ಉಳಿಸುವುದಕ್ಕೆ ಹೊರಟ ಕಾನೂನಿನ ಬಿಲ್ಲನ್ನು ಮಗು ಕಟ್ಟಿತು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ. ಈ ವೃತ್ತಿಯಲ್ಲಿರುವ ಹೆಂಗಸಿಗೆ ಬೇರೆ ಕೆಲಸ ಮಾಡಲು ಬರುವುದಿಲ್ಲ, ಕಲಿಸಿಕೊಟ್ಟರೆ ಸರಿಹೋಗುತ್ತದೆ ಅಂತ. ಅದಕ್ಕೇ ಪುನರ್ವಸತಿ ಅಂದ ಕೂಡಲೇ ಹೊಲಿಗೆ ಯಂತ್ರ ಬರುತ್ತದೆ. ಬಹಳ ಜನ ಆ ಬೇರೆ ಕೆಲಸಗಳನ್ನೆಲ್ಲ ಮಾಡಿ ನೋಡಿಯೇ ಇಲ್ಲಿಗೆ ಬಂದಿರುತ್ತಾರೆ. ಮನೆಗೆಲಸ, ಕಾರ್ಖಾನೆ, ಸಣ್ಣ ವ್ಯಾಪಾರ, ಯಾವುದರಲ್ಲೂ ಇಬ್ಬರು ಮಕ್ಕಳನ್ನು ಓದಿಸಿ, ಊರಲ್ಲಿರುವ ಅಪ್ಪ ಅಮ್ಮನಿಗೆ ಕಳಿಸುವಷ್ಟು ಹುಟ್ಟಲಿಲ್ಲ. ಹೊಲಿಗೆ ಕಲಿಸುವುದು ತಪ್ಪಲ್ಲ. ಆದರೆ ಹೊಲಿಗೆಯಿಂದ ತಿಂಗಳಿಗೆ ಎಷ್ಟು ಬರುತ್ತದೆ ಅನ್ನುವ ಲೆಕ್ಕ ಅವಳಿಗೆ ಅಧಿಕಾರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಕೇಸು ಅನ್ನುವ ಮುದ್ರೆ

ಮಲಾಂಗ್ ಅಧ್ಯಯನ ಅಳೆದದ್ದು ಸೋಂಕು, ಗಳಿಕೆ, ಮಕ್ಕಳ ಸ್ಥಿತಿಯಂಥವನ್ನು. ಅಪರಾಧಿ ಅನ್ನಿಸಿಕೊಂಡ ಮೇಲೆ ಒಬ್ಬಳ ಬದುಕಿನಲ್ಲಿ ಆಗುವ ಇತರ ಬದಲಾವಣೆಗಳು ಬಹಳ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ. ದಂಡ ಕಟ್ಟಬೇಕು. ದಂಡಕ್ಕೆ ದುಡ್ಡು ಬೇಕು. ದುಡ್ಡು ಬೇಕಾದರೆ ಮತ್ತೆ ಅದೇ ಕೆಲಸಕ್ಕೆ ನಿಲ್ಲಬೇಕು. ಕೇಸಿನ ದಾಖಲೆ ಇದ್ದರೆ ಬೇರೆ ಕೆಲಸ ಸಿಗುವುದಿಲ್ಲ, ಬಾಡಿಗೆ ಮನೆ ಸಿಗುವುದಿಲ್ಲ, ಮಗು ಯಾರ ಬಳಿ ಇರಬೇಕು ಅನ್ನುವ ವ್ಯಾಜ್ಯದಲ್ಲಿ ಅದೇ ಅವಳಿಗೆ ಮುಳುವು. ಬಿಡು ಅನ್ನುವ ಕಾನೂನೇ ಬಿಡುವ ದಾರಿಗೆ ಅಡ್ಡ ಕೂರುತ್ತದೆ.

ಹಿಂಸೆಯ ಮಾತು ಬೇರೆಯೇ. ತನ್ನ ಮೇಲೆ ಅತ್ಯಾಚಾರವಾಯಿತು ಅಂತ ಠಾಣೆಗೆ ಹೋಗಬೇಕಾದರೆ ಮೊದಲು ತಾನು ಅಲ್ಲಿ ಏನು ಮಾಡುತ್ತಿದ್ದೆ ಅಂತ ಹೇಳಬೇಕು. ಅದು ತಪ್ಪೊಪ್ಪಿಗೆಯೂ ಆಗುತ್ತದೆ. ಇದು ಗಿರಾಕಿಗೂ ಗೊತ್ತು, ರೌಡಿಗೂ ಗೊತ್ತು, ಕೆಲವು ಸಲ ಪೊಲೀಸನಿಗೂ ಗೊತ್ತು. ಲಂಡನ್ನಿನ ಸಂಶೋಧಕಿ ಲೂಸಿ ಪ್ಲಾಟ್ ಮತ್ತು ಸಂಗಡಿಗರು 33 ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ 2018ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಪೊಲೀಸರ ದಬ್ಬಾಳಿಕೆಗೆ ಸಿಕ್ಕ ಹೆಂಗಸರು ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗುವ ಸಾಧ್ಯತೆ ಉಳಿದವರಿಗಿಂತ ಮೂರು ಪಟ್ಟು ಇತ್ತು. ಆ ದಬ್ಬಾಳಿಕೆಯಲ್ಲಿ ಬಂಧನವೂ ಸೇರುತ್ತದೆ, ಕಾಂಡೋಮ್ ಕಿತ್ತುಕೊಳ್ಳುವುದೂ ಸೇರುತ್ತದೆ.

ಐದು ವರ್ಷದ ಮೇಲೆ

ಈಗ ಒಂದು ನ್ಯಾಯವಾದ ಪ್ರಶ್ನೆ. ಕೆಲಸದಲ್ಲಿ ಉಳಿದವರಿಗೆ ಅಪಾಯ ಜಾಸ್ತಿಯಾಗಿರಬಹುದು. ಆದರೆ ಉಳಿದವರ ಸಂಖ್ಯೆಯೇ ಕಡಿಮೆಯಾದರೆ ಒಟ್ಟು ಸಮಾಜದ ಲೆಕ್ಕದಲ್ಲಿ ಒಳ್ಳೆಯದೇ ಆಗಲಿಲ್ಲವೇ?

ಸಂಶೋಧಕರು ಈ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ, ಅದು ಮೆಚ್ಚಬೇಕಾದ್ದು. ತರ್ಕ ಸರಿಯಾಗಿಯೇ ಇದೆ. ಊರಿನಲ್ಲಿ ಹರಡುವ ಒಟ್ಟು ಸೋಂಕು ಎರಡರ ಮೇಲೆ ನಿಂತಿರುತ್ತದೆ. ಒಂದೊಂದು ಭೇಟಿಯಲ್ಲಿ ಅಪಾಯ ಎಷ್ಟು, ಒಟ್ಟು ಭೇಟಿಗಳು ಎಷ್ಟು. ಮೊದಲನೆಯದು ಏರಿದರೂ ಎರಡನೆಯದು ಅದಕ್ಕಿಂತ ಜೋರಾಗಿ ಇಳಿದರೆ ಒಟ್ಟು ಕಡಿಮೆಯಾಗಬಹುದು. ಮುಚ್ಚಿದ ಹೊಸದರಲ್ಲಿ ಮಾರುಕಟ್ಟೆ ಕುಗ್ಗಿತ್ತು ಕೂಡ. ಆವತ್ತೇ ಲೆಕ್ಕ ನಿಲ್ಲಿಸಿದ್ದರೆ ಆಡಳಿತ ಬೆನ್ನು ತಟ್ಟಿಕೊಳ್ಳಬಹುದಿತ್ತು. ಆದರೆ ಅದಕ್ಕೆ ಒಂದು ಷರತ್ತಿದೆ. ಕುಗ್ಗಿದ್ದು ಹಾಗೇ ಕುಗ್ಗಿಯೇ ಉಳಿಯಬೇಕು.

ಉಳಿಯಲಿಲ್ಲ. ಐದು ವರ್ಷ ಕಳೆದು ನೋಡಿದಾಗ ಮಾರುಕಟ್ಟೆ ಮತ್ತೆ ಚಿಗುರಿಕೊಂಡಿತ್ತು. ಭೇಟಿಗಳು ಮರಳಿ ಬಂದವು, ಕಾಂಡೋಮ್ ಚೀಲ ಹಿಡಿದವಳು ಬರಲಿಲ್ಲ. ಜನಸಾಮಾನ್ಯರಲ್ಲಿ ಸೋಂಕು ಹರಡುವ ಸಾಧ್ಯತೆ ಮುಚ್ಚುವ ಮುನ್ನ ಇದ್ದದ್ದಕ್ಕಿಂತ ಹೆಚ್ಚಿರಬಹುದು ಅಂತ ಅವರ ಅಂದಾಜು. ಇದನ್ನು ಬಿಡಿಸಿ ಹೇಳಿದರೆ, ಮದುವೆಯಾಗಿ ಮನೆಯಲ್ಲಿರುವ, ಆ ಬೀದಿಯ ಹೆಸರನ್ನೂ ಕೇಳದ ಹೆಂಗಸಿಗೂ ಗಂಡನ ಮೂಲಕ ಅಪಾಯ ಏರಿರಬಹುದು. ನೀತಿಯ ಹೆಸರಿನಲ್ಲಿ ಮುಚ್ಚಿಸಿದವರು ಕಾಪಾಡಬೇಕು ಅಂದುಕೊಂಡಿದ್ದು ಇವಳನ್ನೇ.

ಮಲಾಂಗ್‌ನ ನಂತರವೂ ಇಂಡೋನೇಷ್ಯಾ ಮುಚ್ಚುವುದನ್ನು ನಿಲ್ಲಿಸಲಿಲ್ಲ. ಜಕಾರ್ತಾದ ಕಾಲಿಜೋದೋ ಬಸ್ತಿಯನ್ನು 2016ರ ಫೆಬ್ರವರಿಯಲ್ಲಿ ಕೆಡವಿ ಉದ್ಯಾನ ಮಾಡಿದರು. ಉದ್ಯಾನ ಚೆನ್ನಾಗಿಯೇ ಇದೆಯಂತೆ. 2022ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ದಂಡ ಸಂಹಿತೆಯಲ್ಲಿ ಮದುವೆಯಾಚೆಯ ಸಂಪರ್ಕವೇ ಅಪರಾಧ. ಗಂಡ ಅಥವಾ ಹೆಂಡತಿ, ಇಲ್ಲವೇ ಅಪ್ಪ ಅಮ್ಮ, ಮಕ್ಕಳು ದೂರು ಕೊಟ್ಟರೆ ಮಾತ್ರ ಕೇಸು.

ಎದುರು ವಾದಗಳು

ಒಂದೇ ಜಿಲ್ಲೆಯ ಕತೆಯಿಂದ ಇಡೀ ಲೋಕದ ತೀರ್ಪು ಬರೆಯಬಹುದೇ? ಆಗುವುದಿಲ್ಲ. ಮಲಾಂಗ್‌ನಲ್ಲಿ ಆದದ್ದು ಅಧಿಕೃತ ಜಾಗಗಳನ್ನು ಮುಚ್ಚಿ ನಿಷೇಧಿಸಿದ್ದು. ಅಂಥ ಜಾಗಗಳೇ ಇಲ್ಲದ ಊರಿನಲ್ಲಿ ನಿಷೇಧದ ಪರಿಣಾಮ ಬೇರೆ ಇರಬಹುದು. ಹಾಗಂತ ಎದುರು ದಿಕ್ಕಿನ ಪುರಾವೆಯೂ ಇದೇ ಮಾತು ಹೇಳಿದ್ದುಂಟು. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ 1980ರ ಒಂದು ತಿದ್ದುಪಡಿಯ ಲೋಪದಿಂದಾಗಿ ಮನೆಯೊಳಗಿನ ಲೈಂಗಿಕ ವೃತ್ತಿ ಅಪರಾಧವಾಗಿ ಉಳಿದಿರಲಿಲ್ಲ. 2003ರಲ್ಲಿ ಕೋರ್ಟಿನಲ್ಲಿ ಇದು ಬೆಳಕಿಗೆ ಬಂತು, 2009ರಲ್ಲಿ ಮತ್ತೆ ನಿಷೇಧ ತಂದರು. ನಡುವಿನ ವರ್ಷಗಳನ್ನು ಅರ್ಥಶಾಸ್ತ್ರಜ್ಞ ಸ್ಕಾಟ್ ಕನಿಂಗ್‌ಹ್ಯಾಮ್ ಮತ್ತು ಅದೇ ಮನೀಷಾ ಶಾ ಅಭ್ಯಾಸ ಮಾಡಿದರು. ದಾಖಲಾದ ಅತ್ಯಾಚಾರಗಳು 31%, ಹೆಂಗಸರಲ್ಲಿ ಗೊನೊರಿಯಾ 39% ಕಡಿಮೆಯಾಗಿದ್ದವು. ಮಾರುಕಟ್ಟೆ ಮಾತ್ರ ದೊಡ್ಡದಾಗಿತ್ತು. ಈ ಕೊನೆಯ ಸಂಗತಿಯನ್ನು ಮುಚ್ಚಿಡಬಾರದು. ಲೈಂಗಿಕ ವೃತ್ತಿ ಇರಲೇಬಾರದು ಅನ್ನುವವರಿಗೆ ಅದು ನಷ್ಟವೇ. ಸುರಕ್ಷತೆ ಬೇಕೋ, ಸಂಖ್ಯೆ ಕಡಿಮೆಯಾಗಬೇಕೋ ಅನ್ನುವ ಆಯ್ಕೆ ಕೆಲವೊಮ್ಮೆ ನಿಜವಾಗಿಯೂ ಎದುರಾಗುತ್ತದೆ.

ಈ ವೃತ್ತಿಯನ್ನು ಕಾನೂನುಬದ್ಧ ಮಾಡಿದರೆ ಮಾನವ ಕಳ್ಳಸಾಗಣೆ ಹೆಚ್ಚುತ್ತದೆ ಅನ್ನುವ ವಾದವನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚೋ, ಡ್ರೆಹರ್, ನಾಯ್ಮಯರ್ ಎಂಬ ಸಂಶೋಧಕರು 2013ರಲ್ಲಿ, ಈ ವೃತ್ತಿ ಕಾನೂನುಬದ್ಧವಾಗಿರುವ ದೇಶಗಳಿಗೆ ಸಾಗಣೆ ಜಾಸ್ತಿ ವರದಿಯಾಗುತ್ತದೆ ಅಂತ ತೋರಿಸಿದರು. ಕಳ್ಳಸಾಗಣೆಯ ಅಂಕಿಅಂಶಗಳು ಎಷ್ಟು ಅಲುಗಾಡುವಂಥವು ಅಂತ ಅವರೇ ಎಚ್ಚರಿಸಿದ್ದರು ಕೂಡ. ನನ್ನ ಮಟ್ಟಿಗೆ, ಬಲವಂತದಿಂದ ತಂದ ಹುಡುಗಿಯನ್ನು ಮೊದಲು ನೋಡುವವರು ಅದೇ ಬೀದಿಯ ಹೆಂಗಸರು. ಅವರಿಗೆ ಪೊಲೀಸರ ಹತ್ತಿರ ಹೋಗಿ ಹೇಳುವ ಧೈರ್ಯ ಇದೆಯೋ ಇಲ್ಲವೋ ಅನ್ನುವುದೇ ದೊಡ್ಡ ಪ್ರಶ್ನೆ.

ಹೆಂಗಸನ್ನು ಬಿಟ್ಟು ಕೊಳ್ಳುವವನನ್ನು ಮಾತ್ರ ಹಿಡಿಯಿರಿ ಅನ್ನುವುದು ಮೂರನೇ ವಾದ. ಸ್ವೀಡನ್ 1999ರಲ್ಲಿ ಇದನ್ನು ಶುರು ಮಾಡಿತು, ಫ್ರಾನ್ಸ್ 2016ರಲ್ಲಿ ಹಿಂಬಾಲಿಸಿತು. ಕೇಳುವುದಕ್ಕೆ ನ್ಯಾಯವಾಗಿದೆ. ಆದರೆ ಗಿರಾಕಿಗೆ ಸಿಕ್ಕಿಬೀಳುವ ಭಯ ಇದ್ದರೆ ಅವನು ಕತ್ತಲೆಯ ಜಾಗ ಕೇಳುತ್ತಾನೆ, ಹೆಸರು ನಂಬರು ಕೊಡುವುದಿಲ್ಲ, ಅವಸರ ಮಾಡುತ್ತಾನೆ. ಅದೇ ಎರಡು ನಿಮಿಷದ ಚೌಕಾಸಿ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಫ್ರಾನ್ಸಿನ ಲೈಂಗಿಕ ವೃತ್ತಿನಿರತರು ಇದನ್ನೇ ಹೇಳಿಕೊಂಡು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2024ರ ಜುಲೈನಲ್ಲಿ ನ್ಯಾಯಾಲಯ ಅವರ ಪರ ತೀರ್ಪು ಕೊಡಲಿಲ್ಲ. ಕಾನೂನು ಮಾಡುವ ವಿವೇಚನೆ ಆಯಾ ದೇಶದ್ದು ಅಂತ ಹೇಳಿತು.

ಇನ್ನೊಂದು ದಾರಿ, ಅದೇ ವರ್ಷ

ಅಪರಾಧದ ಪಟ್ಟಿಯಿಂದ ಪೂರ್ತಿ ತೆಗೆದುಹಾಕಿದ ದೇಶಗಳಲ್ಲಿ ನ್ಯೂಜಿಲೆಂಡ್ ಮೊದಲನೆಯದು. 2003ರ ಜೂನ್ 25ರಂದು ಮಸೂದೆ ಗೆದ್ದದ್ದು 60-59ರ ಅಂತರದಲ್ಲಿ, ಒಬ್ಬರು ಮತ ಹಾಕದೆ ಉಳಿದರು. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಚ್ಚರ ವಹಿಸುವುದು ಗಿರಾಕಿಯ ಕಾನೂನುಬದ್ಧ ಹೊಣೆಯೂ ಆಯಿತು, ಮನೆ ನಡೆಸುವವನ ಹೊಣೆಯೂ ಆಯಿತು. ಯಾವ ಗಿರಾಕಿಯನ್ನೂ ಯಾವ ಹೊತ್ತಿನಲ್ಲೂ ಬೇಡ ಅನ್ನುವ ಹಕ್ಕು ಹೆಂಗಸಿಗೆ ಬರಹದಲ್ಲಿ ಸಿಕ್ಕಿತು. ಎಲ್ಲರೂ ಹೆದರಿದ್ದ ಹಾಗೆ ಈ ವೃತ್ತಿಗೆ ಬರುವವರ ಸಂಖ್ಯೆ ಏರಲಿಲ್ಲ ಅಂತ ಪರಿಶೀಲನಾ ಸಮಿತಿ 2008ರಲ್ಲಿ ವರದಿ ಮಾಡಿತು. ತಾತ್ಕಾಲಿಕ ವೀಸಾದಲ್ಲಿ ಬಂದವರನ್ನು ಮಾತ್ರ ಈ ಕಾನೂನು ಹೊರಗಿಟ್ಟಿತು. ಅವರು ಈಗಲೂ ಸಿಕ್ಕಿಬಿದ್ದರೆ ದೇಶ ಬಿಡಬೇಕಾಗಬಹುದು, ಹಾಗಾಗಿ ಹಿಂಸೆಯಾದರೂ ಬಾಯಿ ಬಿಡಲು ಹೆದರುತ್ತಾರೆ. ಒಂದೇ ದೇಶದೊಳಗೆ ಎರಡು ಥರದ ಹೆಂಗಸರು.

ಮಲಾಂಗ್ ಆಡಳಿತ ಬಾಗಿಲು ಮುಚ್ಚಲು ದಿನ ಗೊತ್ತು ಮಾಡಿದ ಅದೇ 2014ರಲ್ಲಿ, ವೆಲ್ಲಿಂಗ್ಟನ್ನಿನ ಒಂದು ವೇಶ್ಯಾಗೃಹದಲ್ಲಿ ಕೆಲಸ ಮಾಡುತ್ತಿದ್ದ ಯುವತಿಯೊಬ್ಬಳು ನ್ಯೂಜಿಲೆಂಡಿನ ಮಾನವ ಹಕ್ಕುಗಳ ನ್ಯಾಯಮಂಡಳಿಯಲ್ಲಿ ಗೆದ್ದಳು. ಆ ಮನೆ ನಡೆಸುವವನು ತನಗೆ ಲೈಂಗಿಕ ಕಿರುಕುಳ ಕೊಟ್ಟ ಅನ್ನುವುದು ಅವಳ ದೂರು. ಬೇರೆ ಯಾವುದೇ ಕೆಲಸದಲ್ಲಿರುವವರಿಗೆ ಇರುವ ರಕ್ಷಣೆ ಇವಳಿಗೂ ಇದೆ ಅಂತ ನ್ಯಾಯಮಂಡಳಿ ಹೇಳಿತು. 25,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಿಸಿತು. ಅವಳ ಹೆಸರನ್ನು ಗುಟ್ಟಾಗಿಟ್ಟಿತು.